ಆಡುತ್ತಲೇ ಇದ್ದರೆ ಬರೆಯುವುದು ಯಾವಾಗ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ ತುಂಬಿದೆ, ಎಲ್‌ಕೆಜಿ. ಓರಗೆಯ ಮಕ್ಕಳೆಲ್ಲ ಅಆಇಈ ಬರೆಯುತ್ತಾರೆ. ಇವನು ಪೆನ್ಸಿಲ್ ಹಿಡಿದ ಸ್ವಲ್ಪ ಹೊತ್ತಿಗೇ ಕೈ ನೋವು ಅಂತ ಎದ್ದುಬಿಡುತ್ತಾನೆ. ಮನೆಗೆ ಬಂದರೆ ಅಡುಗೆಮನೆಯ ಡಬ್ಬ, ಸೌಟು, ಕಾಳು ಹರಡಿಕೊಂಡು ಆಡುವುದೇ ಕೆಲಸ. ದಿನಾ ಒಂದು ಪುಟ ಬರೆಸಿ ಅನ್ನುತ್ತಾರೆ ಟೀಚರ್. ಗದರಿಸಿ ಕೂರಿಸಲೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಬೇಡಮ್ಮಾ, ಪುಟ ತುಂಬಿಸುವ ಅವಸರ ಬೇಡ. ಕೈ ನೋವು ಅನ್ನುವುದು ನೆಪ ಅಂದುಕೊಳ್ಳಬೇಡಿ. ಈ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ, ಬೆರಳುಗಳಿಗೆ ಪೂರ್ತಿ ಹಿಡಿತ ಬಂದಿರುವುದಿಲ್ಲ. ಮೂರರ ಆಸುಪಾಸಿನಲ್ಲಿ ಮಗು ನೋಡಿಕೊಂಡು ಸೊನ್ನೆ ಸುತ್ತುತ್ತದೆ, ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು ಹಾಕುತ್ತದೆ. ತ್ರಿಕೋನ ಬರೆಯಲು ಐದಾದರೂ ಆಗಬೇಕು. ಹೀಗಿರುವಾಗ ಸುತ್ತಿ ಸುತ್ತಿ ತಿರುಗುವ ‘ಅ’, ‘ಈ’ಗಳನ್ನು ನಾಲ್ಕರ ಮಗು ಗೆರೆಯೊಳಗೆ ಬರೆಯಲೇಬೇಕು ಅನ್ನುವುದು ಅನ್ಯಾಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ, ಒಂದನೇ ತರಗತಿಯ ಮಕ್ಕಳಿಗೂ ಅಆಇಈ ಬಿಟ್ಟು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಅಕ್ಷರ ಕಲಿಸುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದವರಿಗೆ ನಿಗದಿತ ಪಠ್ಯಪುಸ್ತಕ ಬೇಕಿಲ್ಲ, ಆಟದಿಂದಲೇ ಕಲಿಯಲಿ ಅನ್ನುತ್ತದೆ. ಟೀಚರ್ ಹತ್ತಿರ ಕೂತು ಇದನ್ನೆಲ್ಲ ಸಮಾಧಾನವಾಗಿ ಮಾತಾಡಿ. ಪೋಷಕರು ಬಾಯಿಬಿಟ್ಟು ಕೇಳಿದರೆ ಎಷ್ಟೋ ಟೀಚರ್‌ಗಳಿಗೂ ನಿರಾಳವಾಗುತ್ತದೆ. ಪುಟ ತುಂಬಿಸಿ ಎಂಬ ಒತ್ತಾಯ ಅನೇಕ ಸಲ ಪೋಷಕರಿಂದಲೇ ಹೊರಟಿರುತ್ತದೆ.

ಬರವಣಿಗೆಯ ತಯಾರಿ ನಿಮ್ಮ ಅಡುಗೆಮನೆಯಲ್ಲೇ ನಡೆದಿದೆ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕುವಾಗ ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅವನ ಕೈಯನ್ನೇ ನೋಡಿ. ಮೊದಮೊದಲು ಮುಷ್ಟಿಯಲ್ಲಿ ಅದುಮುತ್ತಾನೆ, ಕಾಳು ಜಾರಿಕೊಂಡು ಒಲೆಯ ಕಡೆಗೆ ಓಡುತ್ತದೆ. ಹತ್ತು ಕಾಳು ಹೋದ ಮೇಲೆ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಹಿಡಿದು ಮೆತ್ತಗೆ ಒತ್ತುತ್ತಾನೆ, ಬೇಳೆ ಪುಳಕ್ಕನೆ ಹೊರಗೆ ಬೀಳುತ್ತದೆ. ಪೆನ್ಸಿಲ್‌ಗೆ ಬೇಕಾದ ಬಲ ಈ ಬೆರಳ ತುದಿಗಳಲ್ಲೇ ಕೂಡಬೇಕು. ಚಪಾತಿ ಹಿಟ್ಟು ನಾದಲಿ, ಒದ್ದೆ ಬಟ್ಟೆ ಹಿಂಡಲಿ, ರಂಗೋಲಿ ಪುಡಿ ಉದುರಿಸಲಿ.

ಲೆಕ್ಕವೂ ಅಲ್ಲೇ ಇದೆ. ಐದೈದು ಕಾಳಿನ ಎರಡು ಸಾಲು ಮಾಡಿ, ಅವನ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ. ‘ಇದರಲ್ಲೇ ಜಾಸ್ತಿ’ ಅನ್ನುತ್ತಾನೆ, ಎಣಿಸಿ ತೋರಿಸಿದರೂ ಒಪ್ಪದಿರಬಹುದು. ದಡ್ಡ ಅಂದುಕೊಳ್ಳಬೇಡಿ, ತಿದ್ದಲೂ ಹೋಗಬೇಡಿ. ಆರೇಳು ವರ್ಷದ ಹೊತ್ತಿಗೆ ಅದು ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಊಟದ ಹೊತ್ತಿಗೆ ತಲೆಗೊಂದು ತಟ್ಟೆ, ತಟ್ಟೆಗೊಂದು ಲೋಟ ಇಡುವ ಕೆಲಸ ಅವನದಾಗಲಿ. ಗುಂಡಿ ಹಾಕಲು, ಚಮಚ ಹಿಡಿಯಲು ಕೂಡ ಬಹಳ ಒದ್ದಾಡುತ್ತಾನೆ ಅನ್ನಿಸಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗ, ಸೊಸೆ ಇಬ್ಬರೂ ನೌಕರಿಗೆ ಹೋಗುತ್ತಾರೆ. ಎರಡೂವರೆ ವರ್ಷದ ಮೊಮ್ಮಗಳು ನಮ್ಮ ಜೊತೆಗೇ ಇರುತ್ತಾಳೆ. ಮೊಬೈಲ್ ಇಲ್ಲದೆ ಊಟ ಇಲ್ಲ. ‘ನೀರ’, ‘ಬ್ಯಾಡ’ ಇಂಥ ಬಿಡಿ ಮಾತು ಬಿಟ್ಟರೆ ಬೇರೆ ಇಲ್ಲ. ಬುದ್ಧಿ ಚುರುಕಾಗಲು ಯಾವ ಆಟಿಗೆ ತರಬೇಕು?
– ಒಬ್ಬ ಅಜ್ಜ, ಧಾರವಾಡ

ಉತ್ತರ: ಅಜ್ಜಾರ, ಆಟಿಗೆಯ ಮಾತು ಆಮೇಲೆ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಎರಡು ವರ್ಷಕ್ಕೆಲ್ಲ ಮಕ್ಕಳು ಎರಡು ಮಾತು ಜೋಡಿಸುವುದು ವಾಡಿಕೆ, ಎರಡೂವರೆಯಾದರೂ ಜೋಡಿಸದಿದ್ದರೆ ಕಾಯುತ್ತ ಕೂರಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೇ ಕೆಲಸಕ್ಕಿದೆ.

ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ವಿಡಿಯೋ ತಾನೇ ಮಾತಾಡಿಕೊಂಡು ಹೋಗುತ್ತದೆ, ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ನೀವು ಕಾಯಬಲ್ಲಿರಿ. ಅವಳು ‘ನೀರ’ ಅಂದರೆ ‘ಹೂಂ, ತಣ್ಣೀರ! ಗಿಡಕ್ಕ ಹಾಕೂಣೇನು?’ ಅನ್ನಿ. ಅಂದು ಸುಮ್ಮನಾಗಿ, ಮನಸ್ಸಿನಲ್ಲಿ ಐದು ಎಣಿಸಿ. ಅಷ್ಟು ಹೊತ್ತು ಸುಮ್ಮನಿರುವುದು ದೊಡ್ಡವರಿಗೆ ಬಹಳ ಕಷ್ಟ, ಆದರೂ ಇರಿ. ಅವಳು ‘ಗಿಡ’ ಅಂದರೂ ಸಾಕು, ಕೈ ತೋರಿಸಿದರೂ ಸಾಕು, ಅದನ್ನೇ ಹಿಡಿದು ಮಾತು ಮುಂದುವರಿಸಿ. ಊಟದ ಹೊತ್ತಿಗೆ ಮೊಬೈಲ್ ಎತ್ತಿಟ್ಟು ಮೆತ್ತನೆಯ ರೊಟ್ಟಿ ಮುರಿದು ಅವಳ ಕೈಗೇ ಕೊಡಿ. ಮೊದಲ ಕೆಲವು ದಿನ ರಂಪ ಮಾಡುತ್ತಾಳೆ, ಅರ್ಧ ಊಟಕ್ಕೇ ಎದ್ದು ಹೋಗುತ್ತಾಳೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು.

ಆಟಿಗೆಗೆ ದುಡ್ಡು ಹಾಕಬೇಕಿಲ್ಲ. ಖಾಲಿ ಡಬ್ಬ, ಅದರ ಮುಚ್ಚಳ, ಹಳೆಯ ಸೀರೆಯ ತುಂಡು ಕೊಡಿ. ಹುಣಸೆ ಬೀಜ, ಕವಡೆ, ಗೋಲಿ ಮಾತ್ರ ಮೂರು ತುಂಬುವ ತನಕ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: ಐದೂವರೆ ವರ್ಷದ ಮಗಳು ಅಜ್ಜಿಯ ಜೊತೆ ಚೌಕಾಬಾರ ಆಡುತ್ತಾಳೆ. ಸೋತರೆ ಕವಡೆ ಎಸೆದು ಅಳುತ್ತಾಳೆ. ಬೇಕಂತಲೇ ನಾವು ಸೋಲಬೇಕೇ?
– ಒಬ್ಬ ತಂದೆ, ಬೆಂಗಳೂರು

ಉತ್ತರ: ಸೋಲಬೇಡಿ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಚೌಕಾಬಾರದಲ್ಲಿ ಅದೃಷ್ಟದ ಪಾಲು ದೊಡ್ಡದು, ಹಾಗಾಗಿ ನ್ಯಾಯವಾಗಿ ಆಡಿದರೂ ಅವಳು ಆಗಾಗ ಗೆದ್ದೇ ಗೆಲ್ಲುತ್ತಾಳೆ. ಆಟ ಉದ್ದವಾದಷ್ಟೂ ಸೋಲು ತಡೆಯುವುದು ಕಷ್ಟ, ನಾಲ್ಕರ ಬದಲು ಎರಡೆರಡೇ ಕಾಯಿ ಇಟ್ಟು ಆಡಿ. ಕೆಲವು ದಿನ ಅವಳೂ ಅಜ್ಜಿಯೂ ಒಂದು ಕಡೆ, ನೀವು ಇನ್ನೊಂದು ಕಡೆ ಆಗಿ. ನಿಮ್ಮ ಕಾಯಿ ಕಡಿಸಿಕೊಂಡಾಗ ‘ಅಯ್ಯೋ, ಬೇಜಾರಾಯ್ತು, ಮತ್ತೆ ಮನೆಯಿಂದ ಬರ್ತೀನಿ’ ಎಂದು ಅವಳಿಗೆ ಕೇಳುವಂತೆ ಹೇಳಿ. ಬೇಜಾರನ್ನು ಹೇಗೆ ನುಂಗಿಕೊಳ್ಳುವುದು ಎಂದು ಅವಳು ಕಲಿಯುವುದು ನಿಮ್ಮನ್ನು ನೋಡಿಯೇ.

ಈ ಆಟ ಬಿಡಿಸಬೇಡಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು ಎಂದು ಎಣಿಸದೆ ನೋಡಿದೊಡನೆ ಹೇಳುವುದು ಒಂದನೇ ತರಗತಿಯ ಗಣಿತಕ್ಕೆ ಒಳ್ಳೆಯ ಅಡಿಪಾಯ. ಎಸೆದ ಕವಡೆಗಳನ್ನು ಅವಳೇ ಆರಿಸಿ ತರಲಿ, ಬೈಯಬೇಡಿ. ಮಾರನೆಯ ದಿನ ಸೀಮೆಸುಣ್ಣ ಕೊಟ್ಟು ಐದಕ್ಕೈದು ಮನೆ ಅವಳಿಂದಲೇ ಬರೆಸಿ, ಗೆರೆ ಸೊಟ್ಟಗಾದರೂ ಅದರಲ್ಲೇ ಆಡಿ.