‘ಮನೆ’ ಎಂಬ ಮಾತು: ಇಟಲಿಯ ಜಾಹೀರಾತು ಸಂಕಥನದಲ್ಲಿ ಭಾವಸಂವೇದನೆ ಮತ್ತು ಧ್ವನಿ

1. ಪ್ರವೇಶ

ವಸ್ತುಗಳನ್ನು ತಯಾರಿಸುವ ಅಥವಾ ಮಾರುವ ಸಂಸ್ಥೆಯೊಂದು ಜನರೊಡನೆ ಆಡುವ ಮಾತಿಗೆ ‘ಬ್ರ್ಯಾಂಡ್ ಸಂವಹನ’ ಎಂಬ ಹೆಸರು ಈಗ ರೂಢಿಯಲ್ಲಿದೆ. ವಸ್ತುವಿನ ಗುಣ, ಬೆಲೆ, ಪ್ರಮಾಣಗಳನ್ನು ತಿಳಿಸುವುದು ಈ ಮಾತಿನ ಒಂದು ಅಂಶ ಮಾತ್ರ. ಅದರ ಬಹುಭಾಗ ಭಾವಕ್ಕೆ ಸಂಬಂಧಿಸಿದ್ದು. ಪ್ರಾಸ, ಪದಚಮತ್ಕಾರ, ಭಾಷಾಮಿಶ್ರಣಗಳ ದೃಷ್ಟಿಯಿಂದ ಜಾಹೀರಾತಿನ ಭಾಷೆಯನ್ನು ಅಭ್ಯಸಿಸಲು ಸಾಧ್ಯವಿದೆ. ಆದರೆ ಆ ಮಾತನ್ನು ಆಡುವವರು ಯಾರು, ಅದರಲ್ಲಿ ಬಳಕೆಯಾಗುವ ಭಾವ ಯಾರದು ಎಂಬ ಪ್ರಶ್ನೆಗಳು ಅಷ್ಟರಿಂದ ಬಗೆಹರಿಯುವುದಿಲ್ಲ.

ಕನ್ನಡದಲ್ಲಿ ‘ಧ್ವನಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಮಾತನಾಡುವವರ ದನಿ. ಇನ್ನೊಂದು, ಆನಂದವರ್ಧನನ ಕಾಲದಿಂದ ಕಾವ್ಯಮೀಮಾಂಸೆಯಲ್ಲಿ ಬಂದಿರುವ ವ್ಯಂಗ್ಯಾರ್ಥ, ಅಂದರೆ ವಾಚ್ಯವನ್ನು ಮೀರಿ ಹೊಳೆಯುವ ಅರ್ಥ. ಜಾಹೀರಾತಿನಲ್ಲಿ ಇವೆರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಸಂಸ್ಥೆಯ ದನಿ ಯಾವುದೋ ಒಂದು ವಸ್ತುವಿನ ಹೆಸರನ್ನು ಹೇಳುತ್ತದೆ; ಆ ದನಿಯ ಹಿಂದಿನಿಂದ ತಾಯಿ, ಮಗು, ಊಟದ ಮೇಜು, ಮನೆ ಹೊಳೆಯುತ್ತವೆ. ಇಟಲಿಯ ಕೆಲವು ಪ್ರಸಿದ್ಧ ನಿದರ್ಶನಗಳ ಮೂಲಕ ಈ ಸಂಬಂಧವನ್ನು, ಮುಖ್ಯವಾಗಿ ‘ಮನೆ’ ಎಂಬ ಕಲ್ಪನೆಯ ನೆಲೆಯಲ್ಲಿ, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಕತೆಯ ಕೊನೆಯಲ್ಲಿ ಬರುವ ಹೆಸರು

ಇಟಲಿಯ ದೂರದರ್ಶನ ಜಾಹೀರಾತಿನ ಇತಿಹಾಸ ‘ಕರೊಸೆಲ್ಲೊ’ ಎಂಬ ಕಾರ್ಯಕ್ರಮದಿಂದ ಆರಂಭವಾಗುತ್ತದೆ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ರಾಯ್ ಇದನ್ನು 1957ರಿಂದ 1977ರ ಮೊದಲ ದಿನದವರೆಗೆ ಪ್ರಸಾರ ಮಾಡಿತು. ರಾತ್ರಿ ಊಟದ ಹೊತ್ತಿನಲ್ಲಿ ಬರುತ್ತಿದ್ದ ಇದರಲ್ಲಿ ಪ್ರತಿಯೊಂದು ಸಂಸ್ಥೆಗೂ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಅವಧಿ ದೊರೆಯುತ್ತಿತ್ತು. ಆದರೆ ವಸ್ತುವಿನ ಹೆಸರನ್ನು ಹೇಳಲು ಅವಕಾಶವಿದ್ದದ್ದು ಕೊನೆಯ ಸುಮಾರು ಅರ್ಧ ನಿಮಿಷದಲ್ಲಿ ಮಾತ್ರ. ಅದಕ್ಕೆ ಮೊದಲು ಕತೆಯನ್ನೋ ಹಾಸ್ಯಪ್ರಸಂಗವನ್ನೋ ಹಾಡನ್ನೋ ನೀಡಬೇಕಿತ್ತು. ಕರೊಸೆಲ್ಲೊ ಮುಗಿದ ಮೇಲೆ ಮಕ್ಕಳು ಮಲಗಬೇಕೆಂಬುದು ಆ ಕಾಲದ ಮನೆಗಳ ವಾಡಿಕೆಯಾಗಿತ್ತು. ಭಾವವನ್ನು ಮೊದಲು ಕಟ್ಟಿ, ಹೆಸರನ್ನು ಆಮೇಲೆ ಹೇಳುವ ಕ್ರಮ ಇಟಲಿಯ ಜಾಹೀರಾತಿಗೆ ಹೀಗೆ ನಿಯಮದಿಂದಲೇ ಬಂದಿತು.

ಈ ಕಾರ್ಯಕ್ರಮದಲ್ಲಿ 1963ರಲ್ಲಿ ಕಾಣಿಸಿಕೊಂಡ ‘ಕಲಿಮೇರೊ’ ಎಂಬ ಕೋಳಿಮರಿ ಗಮನಾರ್ಹ. ಒಡೆದ ಮೊಟ್ಟೆಯ ಚಿಪ್ಪನ್ನು ತಲೆಯ ಮೇಲೆ ಹೊತ್ತ ಈ ಕಪ್ಪು ಮರಿ ತನಗಾದ ಅನ್ಯಾಯವನ್ನು ಹೇಳಿಕೊಂಡು ಅಲೆಯುತ್ತದೆ. ಕೊನೆಯಲ್ಲಿ ಅದನ್ನು ‘ಆವಾ’ ಎಂಬ ಬಟ್ಟೆ ತೊಳೆಯುವ ಪುಡಿಯಿಂದ ತೊಳೆಯಲಾಗುತ್ತದೆ. ಅದು ಕಪ್ಪಲ್ಲ, ಕೇವಲ ಕೊಳಕಾಗಿತ್ತು ಎಂಬ ಸಮಾಧಾನದೊಡನೆ ಬಿಳಿಯ ಮರಿ ಹೊರಬರುತ್ತದೆ. ಪುಟ್ಟ ಜೀವಿಯ ದೂರು ನೋಡುವವರಲ್ಲಿ ನಿಜವಾದ ಅನುಕಂಪವನ್ನೇ ಹುಟ್ಟಿಸುತ್ತದೆ. ಆದರೆ ಕತೆ ನೀಡುವ ಪರಿಹಾರವು ಕಪ್ಪನ್ನು ಕೊಳೆಯೊಂದಿಗೆ ಸಮೀಕರಿಸುತ್ತದೆ. ವಾಚ್ಯದಲ್ಲಿ ಕರುಣೆ, ವ್ಯಂಗ್ಯದಲ್ಲಿ ತಾರತಮ್ಯ. ಭಾವವನ್ನು ಉದ್ದೀಪಿಸುವ ಶಕ್ತಿ ಮತ್ತು ಭಾವಸಂವೇದನೆ ಇವೆರಡೂ ಒಂದೇ ಅಲ್ಲ ಎಂಬುದಕ್ಕೆ ಇದು ಮೊದಲ ಸಾಕ್ಷಿ.

3. ಎರವಲು ದನಿಗಳು

ಜಾಹೀರಾತಿನ ದನಿಗೆ ಸ್ವಂತ ಅಧಿಕಾರವಿಲ್ಲ. ಜನರು ಈಗಾಗಲೇ ಗೌರವಿಸುವ ಬೇರೊಂದು ದನಿಯಿಂದ ಅದು ಅಧಿಕಾರವನ್ನು ಎರವಲು ಪಡೆಯುತ್ತದೆ. 1973ರಲ್ಲಿ ‘ಜೀಸಸ್ ಜೀನ್ಸ್’ ಎಂಬ ಉಡುಪಿನ ಘೋಷವಾಕ್ಯವು ಬೈಬಲ್ಲಿನ ದಶಾಜ್ಞೆಗಳಲ್ಲಿ ಮೊದಲನೆಯದರ ವಾಕ್ಯರಚನೆಯನ್ನು ಉಳಿಸಿಕೊಂಡು, ದೇವರ ಸ್ಥಾನದಲ್ಲಿ ಜೀನ್ಸನ್ನು ಇರಿಸಿತು. ಕ್ರೈಸ್ತ ವಲಯದಿಂದ ಪ್ರತಿಭಟನೆ ಬಂದಿತು. ಕವಿ ಹಾಗೂ ಚಲನಚಿತ್ರ ನಿರ್ದೇಶಕ ಪಿಯೆರ್ ಪಾವೊಲೊ ಪಸೋಲಿನಿ ಅದೇ ವರ್ಷದ ಮೇ ತಿಂಗಳಲ್ಲಿ ‘ಕೊರ್ರಿಯೆರೆ ದೆಲ್ಲಾ ಸೆರಾ’ ಪತ್ರಿಕೆಯಲ್ಲಿ ಈ ಘೋಷವಾಕ್ಯವನ್ನು ಕುರಿತು ಬರೆದರು. ಘೋಷವಾಕ್ಯದ ಅಭಿವ್ಯಕ್ತಿ ಬದಲಾಗದ ಸಿದ್ಧರೂಪವಾಗಿರುವುದರಿಂದ ಅದು ಜೀವಂತ ಅಭಿವ್ಯಕ್ತಿಗೆ ವಿರುದ್ಧವಾದುದು ಎಂಬುದು ಅವರ ಸಾಮಾನ್ಯ ನಿಲುವು. ಆದರೆ ಈ ಒಂದು ವಾಕ್ಯದಲ್ಲಿ ಅನಿರೀಕ್ಷಿತವಾದ ಹೊಸತನವನ್ನೂ, ಧರ್ಮಸಂಸ್ಥೆಯ ಅಗತ್ಯವಿಲ್ಲದ ಹೊಸ ಅಧಿಕಾರದ ಸೂಚನೆಯನ್ನೂ ಅವರು ಗುರುತಿಸಿದರು. ಜಾಹೀರಾತನ್ನು ಸಾಹಿತಿಯೊಬ್ಬರು ಸಾಹಿತ್ಯಪಠ್ಯದಷ್ಟೇ ಗಂಭೀರವಾಗಿ ಓದಿದ ನಿದರ್ಶನ ಇದು.

ಮುಂದಿನ ದಶಕದಲ್ಲಿ ಎರವಲು ಪಡೆದ ದನಿ ದೇವರದಲ್ಲ, ಮನೆಯದು. 1877ರಲ್ಲಿ ಪಾರ್ಮಾ ನಗರದಲ್ಲಿ ಆರಂಭವಾದ ಬರಿಲ್ಲಾ ಸಂಸ್ಥೆಯು 1980ರ ದಶಕದ ಮಧ್ಯಭಾಗದಲ್ಲಿ ಬರಿಲ್ಲಾ ಇರುವೆಡೆ ಮನೆಯಿದೆ ಎಂಬರ್ಥದ ಘೋಷವಾಕ್ಯವನ್ನು ಬಳಕೆಗೆ ತಂದಿತು. ಇಟಾಲಿಯನ್ ಭಾಷೆಯ ‘ಕಾಸಾ’ ಎಂಬ ಪದವು ನಮ್ಮ ‘ಮನೆ’ಯಂತೆಯೇ ಕಟ್ಟಡವನ್ನೂ ಕುಟುಂಬದ ಆಪ್ತತೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಈ ಮಾಲಿಕೆಯ ಒಂದು ಚಿತ್ರದಲ್ಲಿ, ದೂರದ ಊರಿಗೆ ಹೊರಟ ತಂದೆಯ ಜೇಬಿಗೆ ಪುಟ್ಟ ಮಗಳು ಪಾಸ್ತಾದ ಒಂದು ತುಣುಕನ್ನು ಹಾಕುತ್ತಾಳೆ. ಅಪರಿಚಿತ ನಾಡಿನಲ್ಲಿ ಅದು ಆತನ ಕೈಗೆ ಸಿಗುತ್ತದೆ. ವ್ಯಾಂಜೆಲಿಸ್ ಅವರ ಸಂಗೀತವೇ ಚಿತ್ರವನ್ನು ನಡೆಸುತ್ತದೆ. ಪಾಸ್ತಾದ ರುಚಿ, ಗೋಧಿಯ ಗುಣ ಯಾವುದರ ಪ್ರಸ್ತಾಪವೂ ಇಲ್ಲ. ಇಲ್ಲಿ ಧ್ವನಿ ಪೂರ್ಣವಾಗಿ ವ್ಯಂಗ್ಯಾರ್ಥವನ್ನೇ ಆಶ್ರಯಿಸಿದೆ.

ಆದರೆ ಈ ಮನೆಯೊಳಗೆ ಯಾರಿಗೆ ಸ್ಥಳವಿದೆ ಎಂಬುದನ್ನು ಘೋಷವಾಕ್ಯ ಹೇಳಿರಲಿಲ್ಲ. ಹೇಳದಿರುವುದೇ ಅದರ ಔದಾರ್ಯವಾಗಿತ್ತು; ಕೇಳುವ ಪ್ರತಿಯೊಬ್ಬರೂ ತಮ್ಮ ಮನೆಯನ್ನು ಅದರಲ್ಲಿ ತುಂಬಿಕೊಳ್ಳಬಹುದಿತ್ತು. 2013ರ ಸೆಪ್ಟೆಂಬರಿನಲ್ಲಿ ಸಂಸ್ಥೆಯ ಅಧ್ಯಕ್ಷ ಗ್ವಿದೊ ಬರಿಲ್ಲಾ ರೇಡಿಯೊ ಸಂದರ್ಶನವೊಂದರಲ್ಲಿ, ಸಲಿಂಗಿ ಕುಟುಂಬವನ್ನು ತಮ್ಮ ಜಾಹೀರಾತಿನಲ್ಲಿ ತೋರಿಸುವುದಿಲ್ಲ, ಇಷ್ಟವಾಗದವರು ಬೇರೆ ಪಾಸ್ತಾ ತಿನ್ನಬಹುದು ಎಂಬರ್ಥದ ಮಾತನ್ನಾಡಿದರು. ಬಹಿಷ್ಕಾರದ ಕರೆಗಳು ಹಲವು ದೇಶಗಳಲ್ಲಿ ಕೇಳಿಬಂದವು. ಅವರು ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಅದೇ ವರ್ಷ ಸಂಸ್ಥೆಯು ವೈವಿಧ್ಯದ ವಿಚಾರದಲ್ಲಿ ಸಲಹೆ ನೀಡುವ ಮಂಡಳಿಯೊಂದನ್ನು ರಚಿಸಿತು. ಈ ಪ್ರಸಂಗವನ್ನು ಕೇವಲ ವ್ಯಾಪಾರದ ಹಿನ್ನಡೆಯೆಂದು ನೋಡಿದರೆ ಸಾಲದು. ‘ಮನೆ’ ಎಂಬ ಪದದ ವ್ಯಂಗ್ಯಾರ್ಥವನ್ನು ಒಡೆಯನ ವಾಚ್ಯವು ಸಂಕುಚಿತಗೊಳಿಸಿತು. ಸುಮಾರು ಮೂರು ದಶಕ ಆ ಮನೆಯ ಊಟವನ್ನು ಉಂಡವರಲ್ಲಿ ಕೆಲವರಿಗೆ, ತಾವು ಅಲ್ಲಿ ಅತಿಥಿಗಳೂ ಆಗಿರಲಿಲ್ಲ ಎಂದು ತಿಳಿಯಿತು. ನೋವಿನ ಮೂಲ ಅಲ್ಲಿದೆ.

4. ಇತರರ ದುಃಖ

ಬೆನೆಟ್ಟನ್ ಸಂಸ್ಥೆಯ ಮಾರ್ಗ ಇದಕ್ಕೆ ವಿರುದ್ಧವಾದುದು. 1982ರಿಂದ 2000ದವರೆಗೆ ಅದರ ಪ್ರಚಾರದ ರೂವಾರಿಯಾಗಿದ್ದ ಛಾಯಾಗ್ರಾಹಕ ಒಲಿವಿಯೆರೊ ತೊಸ್ಕಾನಿ ಸುಖೀ ಕುಟುಂಬದ ಚಿತ್ರವನ್ನು ನಿರಾಕರಿಸಿದರು. 1992ರಲ್ಲಿ, ಏಡ್ಸ್ ರೋಗದಿಂದ ಸಾವಿನಂಚಿನಲ್ಲಿದ್ದ ಡೇವಿಡ್ ಕರ್ಬಿ ಎಂಬ ಅಮೆರಿಕದ ಯುವಕನ ಸುತ್ತ ಕುಟುಂಬದವರು ನೆರೆದಿರುವ, ಥೆರೀಸ್ ಫ್ರೇರ್ ತೆಗೆದಿದ್ದ ಕಪ್ಪುಬಿಳುಪು ಚಿತ್ರವನ್ನು ಬಣ್ಣ ಸೇರಿಸಿ ಜಾಹೀರಾತಾಗಿ ಬಳಸಲಾಯಿತು. ಕುಟುಂಬದ ಸಮ್ಮತಿ ಇದಕ್ಕಿತ್ತು. ಸಂಸ್ಥೆಯ ಹೆಸರಿನ ಹೊರತು ಬೇರೆ ಮಾತಿರಲಿಲ್ಲ. ರೋಗಿಗಳನ್ನು ಅಸ್ಪೃಶ್ಯರಂತೆ ಕಾಣುತ್ತಿದ್ದ ಕಾಲದಲ್ಲಿ ಅವರನ್ನು ತಬ್ಬಿಕೊಂಡ ಮನೆಯನ್ನು ತೋರಿಸಿದ್ದು ದೊಡ್ಡ ಮಾತೇ ಸರಿ. ಆದರೆ ಸ್ವೆಟರ್ ಮಾರುವವರಿಗೆ ಆ ದುಃಖದ ಮೇಲೆ ಏನು ಹಕ್ಕು ಎಂಬ ಪ್ರಶ್ನೆಯೂ ಅಂದೇ ಎದ್ದಿತು.

ಈ ಪ್ರಶ್ನೆ ಬೇರೊಂದು ರೂಪದಲ್ಲಿ ಮರಳಿತು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು, ಬಹುಪಾಲು ಉಡುಪು ಕಾರ್ಮಿಕರು, ಮೃತಪಟ್ಟರು. ಅವಶೇಷಗಳಲ್ಲಿ ಬೆನೆಟ್ಟನ್ ಹೆಸರಿನ ಉಡುಪುಗಳು ದೊರೆತವು. ಮೊದಲು ಸಂಬಂಧವನ್ನು ಅಲ್ಲಗಳೆದ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಸಂತ್ರಸ್ತರ ನಿಧಿಗೆ 2015ರಲ್ಲಿ 11 ಲಕ್ಷ ಡಾಲರ್ ನೀಡಿತು. ಜಗತ್ತಿನ ನೋವನ್ನು ಗೋಡೆಗೋಡೆಯ ಮೇಲೆ ತೋರಿಸಿದ ದನಿ, ತನ್ನ ಬಟ್ಟೆ ಹೊಲಿದವರ ಸಾವಿನ ಎದುರು ಮೊದಲು ತಡವರಿಸಿತು ಎಂಬುದನ್ನು ಮರೆಯಲಾಗದು.

5. ಒಂದು ಪೀಚ್ ಹಣ್ಣು

2023ರ ಸೆಪ್ಟೆಂಬರಿನಲ್ಲಿ ಎಸ್ಸೆಲುಂಗಾ ಎಂಬ ಸೂಪರ್‌ಮಾರ್ಕೆಟ್ ಸಂಸ್ಥೆಯು ಸುಮಾರು ಎರಡು ನಿಮಿಷದ ಚಿತ್ರವನ್ನು ಪ್ರಸಾರ ಮಾಡಿತು. ತಾಯಿಯೊಡನೆ ಅಂಗಡಿಗೆ ಹೋದ ಹುಡುಗಿ ಒಂದು ಪೀಚ್ ಹಣ್ಣನ್ನು ಆರಿಸುತ್ತಾಳೆ. ಕರೆದೊಯ್ಯಲು ಬಂದ ತಂದೆಗೆ ಆಮೇಲೆ ಕಾರಿನಲ್ಲಿ ಅದನ್ನು ಕೊಟ್ಟು, ಅಮ್ಮ ಕಳಿಸಿದ್ದೆಂದು ಹೇಳುತ್ತಾಳೆ. ತಂದೆತಾಯಿ ಬೇರೆಯಾಗಿದ್ದಾರೆ ಎಂದು ಎಲ್ಲಿಯೂ ವಾಚ್ಯವಾಗಿ ಹೇಳಿಲ್ಲ. ದೇಶದಾದ್ಯಂತ ಚರ್ಚೆ ನಡೆಯಿತು. ಪ್ರಧಾನಿ ಜೋರ್ಜಿಯಾ ಮೆಲೋನಿ ಚಿತ್ರವನ್ನು ಮೆಚ್ಚಿ ಬರೆದರು. ವಿಚ್ಛೇದಿತರಲ್ಲಿ ಅಪರಾಧಪ್ರಜ್ಞೆ ಹುಟ್ಟಿಸುತ್ತದೆಂದು ಇತರರು ಟೀಕಿಸಿದರು. 1970ರಲ್ಲಿ ವಿಚ್ಛೇದನದ ಕಾನೂನು ಜಾರಿಗೆ ಬಂದು, 1974ರ ಜನಮತಗಣನೆಯಲ್ಲಿ ಅದು ಉಳಿದುಕೊಂಡ ದೇಶದಲ್ಲಿ, ಸುಮಾರು ಅರ್ಧ ಶತಮಾನದ ನಂತರವೂ ಈ ವಿಷಯ ಇಷ್ಟು ಸೂಕ್ಷ್ಮವಾಗಿತ್ತು.

ಬರಿಲ್ಲಾದ ಪಾಸ್ತಾ ತುಣುಕು ಮತ್ತು ಈ ಪೀಚ್ ಹಣ್ಣನ್ನು ಒಟ್ಟಿಗೆ ಇಟ್ಟು ನೋಡಬೇಕು. ಎರಡರಲ್ಲಿಯೂ ಪುಟ್ಟ ಹುಡುಗಿಯೊಬ್ಬಳು ತಂದೆಗೆ ತಿನಿಸೊಂದನ್ನು ತಲುಪಿಸುತ್ತಾಳೆ. ಮೊದಲನೆಯದರಲ್ಲಿ ಮನೆ ಇಡಿಯಾಗಿದೆ, ತಂದೆ ಮರಳಿ ಬರುತ್ತಾನೆ. ಮಗುವಿನ ಕಾಣಿಕೆ ನೆನಪಿನ ಗುರುತು. ಎರಡನೆಯದರಲ್ಲಿ ಮನೆ ಎರಡಾಗಿದೆ. ಮಗು ತನ್ನ ಕಾಣಿಕೆಗೆ ಒಂದು ಸುಳ್ಳನ್ನು ಸೇರಿಸಬೇಕಾಗುತ್ತದೆ. ಒಡೆದ ಮನೆಗೂ ಜಾಹೀರಾತಿನಲ್ಲಿ ಸ್ಥಳ ದೊರೆತದ್ದು ಸಂವೇದನೆಯ ವಿಸ್ತಾರ. ಆದರೆ ಅದನ್ನು ಕೂಡಿಸುವ ಭಾರ ಮಗುವಿನ ಮೇಲೆ ಬಿದ್ದದ್ದು ಆ ಸಂವೇದನೆಯ ಮಿತಿ.

6. ಸಮಾರೋಪ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಬ್ರ್ಯಾಂಡ್ ಸಂವಹನದಲ್ಲಿ ಭಾವಸಂವೇದನೆಯ ಅಳತೆಗೋಲು ನೋಡುವವರ ಕಣ್ಣು ತೇವವಾಯಿತೇ ಎಂಬುದಲ್ಲ. ಆ ಭಾವ ಯಾರ ಬದುಕಿನಿಂದ ಬಂದಿದೆ, ಅದರಿಂದ ಹೊರಗುಳಿದವರು ಯಾರು, ಅದರ ಭಾರವನ್ನು ಯಾರ ಮೇಲೆ ಹೊರಿಸಲಾಗಿದೆ ಎಂಬುವು ಇಲ್ಲಿ ಕೇಳಬೇಕಾದ ಪ್ರಶ್ನೆಗಳು. ಕವಿಯ ಧ್ವನ್ಯರ್ಥಕ್ಕೆ ಸಹೃದಯನ ಒಪ್ಪಿಗೆ ಸಾಕು. ಸಂಸ್ಥೆಯ ಧ್ವನ್ಯರ್ಥಕ್ಕೆ ಅದರ ನಡತೆಯೂ ಜಾಮೀನು ನಿಲ್ಲಬೇಕು. ‘ಮನೆ’ ಎಂದು ಹೇಳಿದವರು ಬಾಗಿಲಲ್ಲಿ ನಿಂತವರಿಗೂ ಉತ್ತರ ಕೊಡಬೇಕಾಗುತ್ತದೆ.