ಸೂಜಿಯ ತುದಿ ಕಂಡರಷ್ಟೇ ಮದ್ದು: ಕೀಲಿನ ಇಂಜೆಕ್ಷನ್‌ಗೆ ಒಂಬತ್ತು ಸೂತ್ರಗಳು

ಸಿಯಾಟಲ್ ಪಕ್ಕದ ಬಾಥೆಲ್‌ನ ಸೋನೋಸೈಟ್ ಕಂಪನಿ 1999ರಲ್ಲಿ ಸುಮಾರು 2.5 ಕಿಲೋ ತೂಕದ ಅಲ್ಟ್ರಾಸೌಂಡ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ರಣರಂಗದ ಗಾಯಾಳುಗಳಿಗೆಂದು ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಶುರುವಾದ ಕೆಲಸ ಅದು. ಸ್ಕ್ಯಾನರ್ ಹೀಗೆ ಕೈಗೆ ಬಂದಮೇಲೆ ಮಂಡಿ, ಭುಜಗಳಿಗೆ ಅಂದಾಜಿನ ಮೇಲೆ ಚುಚ್ಚುತ್ತಿದ್ದ ವೈದ್ಯರು ನೋಡಿಕೊಂಡೇ ಚುಚ್ಚತೊಡಗಿದರು. ಕಲಿಯುವವರಿಗೆ ಇಲ್ಲಿವೆ ಸೂತ್ರಗಳು.

1. ಚುಚ್ಚಬೇಕೇ ಎಂದು ಮೊದಲು ನಿರ್ಧರಿಸಿ. ಕೀಲಿನಲ್ಲಿ ಸೋಂಕಿನ ಅನುಮಾನವಿದ್ದರೆ ಸ್ಟೆರಾಯ್ಡ್ ಮುಟ್ಟಬೇಡಿ; ನೀರು ತೆಗೆದು ಪರೀಕ್ಷೆಗೆ ಕಳಿಸಿ. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುತ್ತದೆಂದು ಮುಂಚೆಯೇ ಹೇಳಿ. ಮೂರು ತಿಂಗಳೊಳಗೆ ಮಂಡಿ ಬದಲಿಸುವ ಆಪರೇಷನ್ ಇದ್ದರೆ ಆ ಮಂಡಿಗೆ ಸ್ಟೆರಾಯ್ಡ್ ಬೇಡ, ಸೋಂಕಿನ ಅಪಾಯ ಹೆಚ್ಚು.

2. ಕೀಲಿನ ಆಳ ನೋಡಿ ಪ್ರೋಬ್ (ಚರ್ಮದ ಮೇಲಿಡುವ ಸ್ಕ್ಯಾನರ್ ತಲೆ) ಆರಿಸಿ. ಭುಜ, ಮಣಿಕಟ್ಟು, ಮಂಡಿಗೆ ಹೆಚ್ಚು ಫ್ರೀಕ್ವೆನ್ಸಿಯ ಲೀನಿಯರ್ ಪ್ರೋಬ್. ಆಳದಲ್ಲಿರುವ ಸೊಂಟದ ಕೀಲಿಗೆ ಬಾಗಿದ ಪ್ರೋಬ್.

3. ರೋಗಿಯ ಆಚೆ, ನಿಮ್ಮ ಕಣ್ಣಿನ ನೇರಕ್ಕೆ ಪರದೆ ಇಡಿ. ಕತ್ತು ತಿರುಗಿಸಿ ನೋಡುವವರ ಕೈ ಜಾರುತ್ತದೆ.

4. ರಕ್ತನಾಳ ಎಲ್ಲಿದೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ನೋಡಿ. ಸೊಂಟದ ಇಂಜೆಕ್ಷನ್‌ನಲ್ಲಂತೂ ತೊಡೆಯ ದೊಡ್ಡ ರಕ್ತನಾಳಗಳು ಪಕ್ಕದಲ್ಲೇ ಇರುತ್ತವೆ.

5. ಟೆಂಡನ್ ಕಪ್ಪಗೆ ಕಂಡೊಡನೆ ಹರಿದಿದೆ ಎನ್ನಬೇಡಿ. ಅಲ್ಟ್ರಾಸೌಂಡ್ ಅಲೆ ಓರೆಯಾಗಿ ಬಿದ್ದರೂ ಹಾಗೇ ಕಾಣುತ್ತದೆ. ಪ್ರೋಬನ್ನು ತುಸು ವಾಲಿಸಿ ಮತ್ತೆ ನೋಡಿ.

6. ಸೂಜಿ ಪ್ರೋಬ್‌ನ ಉದ್ದಕ್ಕೆ ನೇರವಾಗಿ, ಆದಷ್ಟು ಮಟ್ಟಸವಾಗಿ ಹೋಗಲಿ. ಆಗ ಪೂರ್ತಿ ಕಾಣುತ್ತದೆ. ಕಾಣೆಯಾದರೆ ಸೂಜಿ ನಿಲ್ಲಿಸಿ, ಪ್ರೋಬ್ ಮಾತ್ರ ಸರಿಸಿ. ಎರಡನ್ನೂ ಒಟ್ಟಿಗೆ ಅಲುಗಿಸಿದರೆ ಎರಡೂ ಕೈತಪ್ಪುತ್ತವೆ.

7. ತುದಿ ಕಾಣದೆ ಮದ್ದು ಬಿಡಬೇಡಿ. ಮದ್ದು ಸಲೀಸಾಗಿ ಹರಡಬೇಕು. ಸಿರಿಂಜ್ ಬಿಗಿಯಾದರೆ ತುದಿ ಟೆಂಡನ್‌ನೊಳಗಿರಬಹುದು, ಒತ್ತದೆ ಹಿಂದಕ್ಕೆಳೆಯಿರಿ. ಟೆಂಡನ್‌ನೊಳಗೆ ಹೋದ ಸ್ಟೆರಾಯ್ಡ್ ಅದನ್ನು ದುರ್ಬಲಗೊಳಿಸುತ್ತದೆ. ಪ್ರೋಬ್‌ಗೆ ಸ್ಟೆರೈಲ್ ಕವರ್, ಚರ್ಮಕ್ಕೆ ಸ್ಟೆರೈಲ್ ಜೆಲ್ ತಪ್ಪದಿರಲಿ.

8. ಅಭ್ಯಾಸ ರೋಗಿಯ ಮೇಲಲ್ಲ. ಕೋಳಿಯ ಎದೆಮಾಂಸದ ಮೇಲೆ ಕೈ ಪಳಗಿಸಿಕೊಳ್ಳಿ. ಮಾಂಸ ಮುಟ್ಟದವರಿಗೆ ತೋಫು ಇದೆ. ಜೊತೆಗೆ ಈ ವಿಧಾನದ ಮಿತಿಯನ್ನೂ ಅರಿಯಿರಿ: ಗುರಿ ನಿಖರವಾದ ಮಾತ್ರಕ್ಕೆ ನೋವು ಹೆಚ್ಚು ಇಳಿಯುತ್ತದೆಂದಿಲ್ಲ. ಭುಜನೋವಿನ ಕುರಿತ 2012ರ ಕಾಕ್ರೇನ್ ವಿಮರ್ಶೆಯಲ್ಲಿ ಅಂದಾಜಿನ ಇಂಜೆಕ್ಷನ್‌ಗಿಂತ ನೋಡಿಕೊಂಡು ಚುಚ್ಚಿದ್ದಕ್ಕೆ ಸ್ಪಷ್ಟ ಮೇಲುಗೈ ಕಾಣಲಿಲ್ಲ.

9. ಸಿಯಾಟಲ್‌ನಲ್ಲಿ ಕಲಿತು ಕರ್ನಾಟಕಕ್ಕೆ ಮರಳುವಿರಾದರೆ ಯಂತ್ರವನ್ನು ಸುಮ್ಮನೆ ಬ್ಯಾಗಿಗೆ ಹಾಕಬೇಡಿ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿ ಬೇಕು. ನೀವು ಮಂಡಿ ಮಾತ್ರ ನೋಡುವವರಿರಬಹುದು; ಯಂತ್ರಕ್ಕೆ ಗರ್ಭವನ್ನೂ ನೋಡಲು ಬರುತ್ತದೆ. ಆದ್ದರಿಂದ ಮೊದಲು ನೋಂದಣಿ, ಆಮೇಲೆ ಸೂಜಿ.