ನಲವತ್ತು ತುಂಬುವ ಮುಂಚೆ ಪಟ್ಟಾ ತೆಗೆದು ನೋಡಿ

ಹೊಸೂರಿನ ಕಾರ್ಖಾನೆಗೆ ಹೋಗುವ ಹುಡುಗನಿಗೆ ಸಂಬಳ ಕೈಗೆ ಬರುವ ಮುಂಚೆಯೇ ಪಿಎಫ್ ಹಿಡಿದಿರುತ್ತಾರೆ, ಇಎಸ್‌ಐ ಹಿಡಿದಿರುತ್ತಾರೆ. ಅವನು ಗೊಣಗಿದರೂ ದುಡ್ಡು ಕೂಡುತ್ತಲೇ ಇರುತ್ತದೆ. ಪಾಲಕ್ಕೋಡಿನಲ್ಲಿ ಟೊಮೆಟೊ ಹಾಕುವ ಅವನ ಅಪ್ಪನಿಗೆ, ಆತ್ತೂರಿನ ಕಡೆ ಮರಗೆಣಸು ಬೆಳೆಯುವ ಅವನ ಮಾವನಿಗೆ, ಹಿಡಿಯುವವರೂ ಇಲ್ಲ, ಕೂಡಿಸುವವರೂ ಇಲ್ಲ. ತಾನೇ ಧಣಿ, ತಾನೇ ಆಳು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಸ್ವಂತ ದುಡಿಮೆಯವರನ್ನೂ ಹೆಸರಿಸುತ್ತದೆ, ನಿಜ. ಆದರೆ ಅವರಿಗೆ ಇಂತಿಷ್ಟು ಸಿಗಬೇಕೆಂದು ಗೊತ್ತುಮಾಡದೆ, ಯೋಜನೆ ರೂಪಿಸುವ ಕೆಲಸವನ್ನು ಸರ್ಕಾರಗಳಿಗೆ ಬಿಟ್ಟಿದೆ. ಸದ್ಯಕ್ಕೆ ನಮ್ಮ ಕೈಗೆ ಸಿಗುವುದು ಮೊದಲಿನಿಂದ ಇರುವ ಯೋಜನೆಗಳೇ.

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮನೆಗಳಲ್ಲಿ ಈ ಯೋಜನೆಗಳ ಹೆಸರು ಕೇಳದವರು ಕಡಿಮೆ. ಕೈತಪ್ಪುವುದು ಹೆಚ್ಚಾಗಿ ಎರಡು ಕಡೆ. ವಯಸ್ಸು ನಲವತ್ತು ದಾಟಿರುತ್ತದೆ, ಇಲ್ಲವೇ ಪಟ್ಟಾ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿರುತ್ತದೆ.

ಮೊದಲು ವಯಸ್ಸಿನ ಮಾತು. ಸಣ್ಣ ರೈತರಿಗೆಂದು 2019ರ ಸೆಪ್ಟೆಂಬರ್ 12ರಂದು ಶುರುವಾದ ಪಿಎಂ ಕಿಸಾನ್ ಮಾನ್‌ಧನ್ ಪಿಂಚಣಿಗೆ 18ರಿಂದ 40 ವರ್ಷದವರು ಮಾತ್ರ ಸೇರಬಹುದು. ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ನಾವು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಮೂವತ್ತನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 105ರಂತೆ ಮೂವತ್ತು ವರ್ಷ ಕಟ್ಟುವುದು ಒಟ್ಟು 37,800 ರೂಪಾಯಿ; ಪಿಂಚಣಿ ಒಂದು ವರ್ಷಕ್ಕೇ 36,000. ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಮೂವತ್ತು ವರ್ಷ ಕಳೆದ ಮೇಲೆ ಆ ಮೂರು ಸಾವಿರಕ್ಕೆ ಎಷ್ಟು ಅಕ್ಕಿ ಬಂದೀತು ಎಂಬುದನ್ನೂ ಯೋಚಿಸಬೇಕು. ಬೆಲೆ ಏರಿದಂತೆ ಈ ಪಿಂಚಣಿ ಏರುವುದಿಲ್ಲ. ಇದನ್ನೊಂದೇ ನಂಬಿ ಕೂರುವಂತಿಲ್ಲ.

ಇದರ ಪಕ್ಕದಲ್ಲಿ ಬ್ಯಾಂಕಿನ ಅಟಲ್ ಪಿಂಚಣಿಯನ್ನು ಇಟ್ಟು ನೋಡಿ. ಅದಕ್ಕೂ ಸೇರುವ ವಯಸ್ಸು 18ರಿಂದ 40. ಮೂವತ್ತರಲ್ಲಿ ಸೇರಿ 3,000 ರೂಪಾಯಿ ಪಿಂಚಣಿ ಬೇಕೆಂದರೆ ತಿಂಗಳಿಗೆ 347 ರೂಪಾಯಿ ಕಟ್ಟಬೇಕು. ಮಾನ್‌ಧನ್‌ಗೆ ಕಟ್ಟುವುದರ ಮೂರು ಪಟ್ಟಿಗಿಂತ ಹೆಚ್ಚು. ದುಬಾರಿ ಎನ್ನುವ ಮುಂಚೆ, ಸತ್ತ ಮೇಲೆ ಏನಾಗುತ್ತದೆಂದು ಕೇಳಿಕೊಳ್ಳಿ. ಮಾನ್‌ಧನ್‌ನಲ್ಲಿ ಪಿಂಚಣಿ ಪಡೆಯುತ್ತಿರುವ ಯಜಮಾನರು ತೀರಿಕೊಂಡರೆ ಹೆಂಡತಿಗೆ ಅರ್ಧ, ಅಂದರೆ 1,500. ಅವರೂ ಹೋದ ಮೇಲೆ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ಅಟಲ್‌ನಲ್ಲಿ ಹೆಂಡತಿಗೆ ಪೂರಾ 3,000, ಇಬ್ಬರ ಕಾಲವೂ ಮುಗಿದ ಮೇಲೆ ನಾಮಿನಿಗೆ 5.1 ಲಕ್ಷ. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವವರಿಗೆ, ಪ್ರತಿ ತಿಂಗಳೂ ಹಾಲಿನ ದುಡ್ಡು ಖಾತೆಗೆ ಬೀಳುವ ಮನೆಗೆ, ಅಟಲ್ ವಾಸಿ ಎಂದೇ ನನ್ನ ಎಣಿಕೆ. ಮಳೆ ನೆಚ್ಚಿಕೊಂಡು ರಾಗಿ, ಸಾಮೆ ಬೆಳೆಯುವ ಪೆನ್ನಾಗರಂ ಕಡೆಯವರಿಗೆ ತಿಂಗಳ ಕಂತೇ ಹೊರೆ. ಅವರು ಮಾನ್‌ಧನ್ ಕಂತನ್ನು ಪಿಎಂ ಕಿಸಾನ್‌ನ 6,000 ರೂಪಾಯಿಯಿಂದಲೇ ಮುರಿದುಕೊಳ್ಳಲು ಬರೆದುಕೊಡಬಹುದು.

ಎರಡು ತೊಡಕು ಇವೆ. ತಿರುಪ್ಪೂರಿಗೋ ಹೊಸೂರಿಗೋ ಕೆಲಸಕ್ಕೆ ಹೋಗಿ ಪಿಎಫ್, ಇಎಸ್‌ಐ ಇರುವ ಮಗನಿಗೆ ಮಾನ್‌ಧನ್ ಇಲ್ಲ. ಅಟಲ್‌ಗೆ ಆ ಅಡ್ಡಿ ಇಲ್ಲ. ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ 2022ರ ಅಕ್ಟೋಬರ್‌ನಿಂದ ಅಟಲ್‌ಗೂ ಬಾಗಿಲು ಮುಚ್ಚಿದೆ. ಇನ್ನೊಂದು ತೊಡಕು ಜಮೀನಿನ ಅಳತೆ. ಮಾನ್‌ಧನ್‌ಗೆ ಮಿತಿ 2 ಹೆಕ್ಟೇರ್. ಐದು ಎಕರೆ ಎಂದರೆ 2.02 ಹೆಕ್ಟೇರ್! ರಾಜ್ಯದ ಲೆಕ್ಕದಲ್ಲಿ ಸಣ್ಣ ರೈತ ಎನಿಸಿಕೊಂಡವರು ಕೇಂದ್ರದ ಲೆಕ್ಕದಲ್ಲಿ ಆರು ಸೆಂಟ್ಸೂ ಇಲ್ಲದ ಜಾಗಕ್ಕೆ ಹೊರಗುಳಿಯುತ್ತಾರೆ. ಸರ್ವೆಯಲ್ಲಿ ಎಷ್ಟಿದೆಯೆಂದು ಚಿಟ್ಟಾದಲ್ಲಿ ನೋಡಿಕೊಂಡೇ ಸಿಎಸ್‌ಸಿ ಕೇಂದ್ರಕ್ಕೆ ಹೋಗಿ.

ನಲವತ್ತು ದಾಟಿದವರಿಗೆ? ಅವರಿಗೆ ದೊಡ್ಡ ಆಸರೆ ತಮಿಳುನಾಡಿನದೇ ಉಳವರ್ ಪಾದುಕಾಪ್ಪು ತಿಟ್ಟಂ. 2006ರಲ್ಲಿ ಕಾನೂನಾಗಿ ಬಂದದ್ದು 2011ರಲ್ಲಿ ಮುಖ್ಯಮಂತ್ರಿಗಳ ಯೋಜನೆಯಾಗಿ ಹೊಸ ರೂಪ ಪಡೆಯಿತು. 18ರಿಂದ 65 ವರ್ಷದ ಕೃಷಿ ಕೂಲಿಗಳು, ಎರಡೂವರೆ ಎಕರೆ ನಂಜೆ ಅಥವಾ ಐದು ಎಕರೆ ಪುಂಜೆ ಮೀರದೆ ಸ್ವತಃ ಉಳುವವರು, ಗೇಣಿದಾರರು ಸೇರಬಹುದು. ಮಕ್ಕಳ ಓದಿಗೆ ವರ್ಷಕ್ಕೆ ಇಷ್ಟೆಂದು, ಮದುವೆಗೆ ಗಂಡಿಗೆ 8,000, ಹೆಣ್ಣಿಗೆ 10,000, ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 1 ಲಕ್ಷ ರೂಪಾಯಿ ಇದೆ. ಭೂಮಿ ಇಲ್ಲದ ಕೂಲಿಗಳಿಗೆ ಅಪಘಾತ ಮರಣಕ್ಕೆ 2 ಲಕ್ಷ, ಸಹಜ ಮರಣಕ್ಕೆ 30,000, ಅಂತ್ಯಕ್ರಿಯೆಗೆ 10,000 ಎಂದು 2025-26ರ ಕೃಷಿ ಬಜೆಟ್‌ನಲ್ಲಿ ಏರಿಸಿದ್ದಾರೆ. ಅರವತ್ತರ ಮೇಲೆ ಆಸರೆ ಇಲ್ಲದವರಿಗೆ ಸಿಗುವ ವೃದ್ಧಾಪ್ಯ ವೇತನ 2023ರಲ್ಲಿ 1,000ದಿಂದ 1,200ಕ್ಕೆ ಏರಿತು. ಅರ್ಜಿ ವಿಎಒ ಕೈಯಿಂದ ಸಾಗಿ ತಾಲ್ಲೂಕು ಕಚೇರಿಗೆ ಹೋಗುತ್ತದೆ. ಅಲ್ಲಿ ಮಾಮೂಲಿ ತಹಸೀಲ್ದಾರರ ಬಳಿ ನಿಂತು ದಿನ ಕಳೆಯಬೇಡಿ. ಸಾಮಾಜಿಕ ಭದ್ರತೆಗೆಂದೇ ಬೇರೆ ತಹಸೀಲ್ದಾರ್ ಇರುತ್ತಾರೆ.

ಇನ್ನು ಎರಡನೆಯದು, ಪಟ್ಟಾ ತಕರಾರು. ಮೂರು ಜನ ಅಣ್ಣತಮ್ಮಂದಿರು ಬದು ಹಾಕಿಕೊಂಡು ಇಪ್ಪತ್ತು ವರ್ಷದಿಂದ ಬೇರೆ ಬೇರೆ ಉಳುತ್ತಿರುತ್ತಾರೆ. ಕಾಗದದಲ್ಲಿ ಮಾತ್ರ ತಾತನೇ ಉಳುತ್ತಿರುತ್ತಾನೆ. ಇಲ್ಲವೇ ಕೂಟುಪಟ್ಟಾದಲ್ಲಿ ಏಳೆಂಟು ಹೆಸರು, ಅದರಲ್ಲಿ ಯಾರದು ಎಷ್ಟು ಎಂದು ಬರೆದಿರುವುದಿಲ್ಲ. ಹೀಗಿದ್ದರೆ ಪಿಎಂ ಕಿಸಾನ್ ಕಷ್ಟ, ಮಾನ್‌ಧನ್ ಕಷ್ಟ, ರೈತರ ಗುರುತಿನ ಸಂಖ್ಯೆಯೂ ಕಷ್ಟ. ಮರಣ ಪತ್ರ, ತಹಸೀಲ್ದಾರರು ಕೊಡುವ ವಾರಸು ಪತ್ರ ಇಟ್ಟುಕೊಂಡು ಇ-ಸೇವೈ ಕೇಂದ್ರದಲ್ಲಿ ಪಟ್ಟಾ ಬದಲಾವಣೆಗೆ ಅರ್ಜಿ ಹಾಕಬೇಕು. ಪಾಲಾಗಿದ್ದರೆ ಪಾಲುಪತ್ರ ನೋಂದಣಿ ಮಾಡಿಸಿ ಉಪವಿಭಾಗಕ್ಕೆ ಕೇಳಬೇಕು, ಸರ್ವೆಯರ್ ಬಂದು ಅಳೆಯುತ್ತಾರೆ. ಪಿಎಂ ಕಿಸಾನ್‌ಗೆ ಜಮೀನು 2019ರ ಫೆಬ್ರವರಿ 1ಕ್ಕೆ ಮೊದಲೇ ಹೆಸರಿನಲ್ಲಿರಬೇಕೆಂಬ ನಿಯಮ ಉಂಟು. ಹಿರಿಯರು ತೀರಿಕೊಂಡು ವಾರಸಾಗಿ ಬಂದ ಜಮೀನಿಗೆ ಅದು ಅಡ್ಡಿಯಿಲ್ಲ. ಹಾಗಾಗಿ "ಕಾಲ ಮೀರಿತು" ಎಂದು ಯಾರಾದರೂ ಕಳಿಸಿಬಿಟ್ಟರೆ ವಾರಸು ಪತ್ರ ಮುಂದಿಟ್ಟು ಕೇಳಿ.

ಇನ್ನು ಮರದಿಂದ ಬೀಳುವವರ ವಿಷಯ. ಮಾಸಿ, ಪಂಗುನಿಯಲ್ಲಿ ಹುಣಸೆ ಬಡಿಯಲು ಹತ್ತಿ, ಕೊಂಬೆ ಮುರಿದು ಸೊಂಟ ಹೋಗುವುದು ಧರ್ಮಪುರಿ ಕಡೆ ಹೊಸದಲ್ಲ. ಬ್ಯಾಂಕಿನ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಸತ್ತರೆ, ಇಲ್ಲವೇ ಎರಡೂ ಕಣ್ಣೋ ಕೈಕಾಲೋ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಹೋದರೆ 1 ಲಕ್ಷ. ಸೊಂಟ ಮುರಿದು ವಾಸಿಯಾದರೆ ಇದರಲ್ಲಿ ಏನೂ ಇಲ್ಲ, ಆಸ್ಪತ್ರೆ ಖರ್ಚಿಗೆ ಮುಖ್ಯಮಂತ್ರಿ ಆರೋಗ್ಯ ವಿಮೆ ಕಾರ್ಡನ್ನೇ ನೋಡಬೇಕು. ಕಾಯಿಲೆಯಿಂದ ತೀರಿಕೊಂಡರೂ 2 ಲಕ್ಷ ಕೊಡುವ ಜೀವನ್ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ. ಅದಕ್ಕೆ 50 ತುಂಬುವ ಮುಂಚೆ ಸೇರಿರಬೇಕು.

ಎರಡರ ವರ್ಷವೂ ಜೂನ್ 1ಕ್ಕೆ ಹುಟ್ಟಿ ಮೇ 31ಕ್ಕೆ ಮುಗಿಯುತ್ತದೆ. ಮೇ ಕೊನೆಯ ವಾರದಲ್ಲಿ ಖಾತೆಯಿಂದ ದುಡ್ಡು ತಾನಾಗಿ ಹೋಗುತ್ತದೆ. ನಮ್ಮ ಕಡೆ ಖಾತೆ ಬರಿದಾಗಿರುವುದೂ ಆಗಲೇ: ಮರಗೆಣಸಿನ ದುಡ್ಡು ಕರಗಿ, ಮಾವಿನ ದುಡ್ಡು ಪೂರ್ತಿ ಬಂದಿರುವುದಿಲ್ಲ, ಶಾಲೆ ಫೀಸು ಬೇರೆ. 456 ರೂಪಾಯಿ ಇಲ್ಲದೆ ವಿಮೆ ನಿಂತುಹೋದದ್ದು ಗೊತ್ತಾಗುವುದು ಸಾವಿನ ಮನೆಯಲ್ಲಿ. ಚಿತ್ರೈ ಹಬ್ಬ ಕಳೆದ ಕೂಡಲೇ 500 ರೂಪಾಯಿ ಬೇರೆ ಇಟ್ಟುಬಿಡಿ. ಜೂನ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಹಿಡಿದಿದ್ದಾರೆಯೇ ಎಂದು ನೋಡಿ.

ಹಾವು ಕಚ್ಚಿ ಸತ್ತರೂ ಸುರಕ್ಷಾ ಬಿಮಾ ಸಿಗುತ್ತದೆ. ಆದರೆ ಹಾವು ಕಡಿತ, ಮರದಿಂದ ಬಿದ್ದದ್ದು ಇಂಥವಕ್ಕೆ ಆಸ್ಪತ್ರೆಯಲ್ಲಿ ಆಗಲೇ ಬರೆಸಿದ ದಾಖಲೆ ಬೇಕು. ಮಂತ್ರ ಹಾಕಿಸಲು ಹೋಗಿ ಅಲ್ಲೇ ಪ್ರಾಣ ಹೋದರೆ ಜೀವವೂ ಇಲ್ಲ, ದಾಖಲೆಯೂ ಇಲ್ಲ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಾವು ಕಡಿತವನ್ನು ವರದಿ ಮಾಡಲೇಬೇಕೆಂದು ತಮಿಳುನಾಡು 2024ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಚೀಟಿಯಲ್ಲಿ "ಬಿದ್ದು ಪೆಟ್ಟು" ಎಂದಷ್ಟೇ ಬರೆದರೆ, "ಹುಣಸೆ ಮರದಿಂದ ಬಿದ್ದು" ಎಂದು ಬರೆಯಿರಿ ಡಾಕ್ಟರೇ ಎಂದು ಕೇಳಲು ನಾಚಬೇಕಿಲ್ಲ. ರಸ್ತೆ ಅಪಘಾತವಾದರೆ ಪೊಲೀಸ್ ಎಫ್‌ಐಆರ್ ಬೇಕು. ಬ್ಯಾಂಕಿಗೆ 30 ದಿನದೊಳಗೆ ಅರ್ಜಿ ಕೊಡಿ.

ಹೆಂಗಸರ ಬಗ್ಗೆ ಒಂದು ಮಾತು ಉಳಿದಿದೆ. ತಿಂಗಳಿಗೆ 1,000 ರೂಪಾಯಿಯ ಮಹಿಳಾ ಹಕ್ಕಿನ ಹಣಕ್ಕೆ ಅರ್ಜಿ ಶಿಬಿರ ಶುರುವಾದದ್ದೇ ನಮ್ಮ ತೊಪ್ಪೂರಿನಲ್ಲಿ, 2023ರ ಜುಲೈ 24ರಂದು. ಆ ಹಣಕ್ಕಾಗಿ ಎಷ್ಟೋ ಅಕ್ಕಂದಿರಿಗೆ ತಮ್ಮದೇ ಹೆಸರಿನಲ್ಲಿ ಓಡುವ ಖಾತೆ ಇದೆ. ಅದೇ ಖಾತೆಯಲ್ಲಿ ಅವರದೂ ವಿಮೆ ಮಾಡಿಸಿ, ನಲವತ್ತು ಆಗದಿದ್ದರೆ ಅಟಲ್ ಪಿಂಚಣಿಯನ್ನೂ ಹಾಕಿಸಿ. ಕಳೆ ತೆಗೆಯುವಾಗ ಹಾವು ಗಂಡಸು ಹೆಂಗಸು ಎಂದು ನೋಡಿ ಕಚ್ಚುವುದಿಲ್ಲ. ಯಜಮಾನರ ಖಾತೆಯಲ್ಲಿ ನಾಮಿನಿ ಎಂದು ಮದುವೆಗೆ ಮೊದಲು ಬರೆಸಿದ ತಾಯಿಯ ಹೆಸರೇ ಉಳಿದಿದ್ದರೆ ಅದನ್ನೂ ಬದಲಾಯಿಸಿ. ಬ್ಯಾಂಕಿನಲ್ಲಿ ಅದಕ್ಕೊಂದು ಫಾರಂ ಇದೆ, ಆಧಾರ್ ಪ್ರತಿ ಕೊಟ್ಟರೆ ಮುಗಿಯಿತು.